ಗೆರೆಯ ಆಚೆ ಮಕ್ಕಳು, ಈಚೆ ನಾವು: ಮೊದಲ ಸಾಕರ್ ಮ್ಯಾಚಿಗೆ ಹೋಗುವ ಮುನ್ನ

ಅಮೆರಿಕಕ್ಕೆ ಬಂದು ಮನೆ, ಕಾರು, ಶಾಲೆ ಎಲ್ಲ ಒಂದು ಹದಕ್ಕೆ ಬರುವಷ್ಟರಲ್ಲಿ ಮಕ್ಕಳು ಶುರು ಮಾಡುತ್ತಾರೆ: ‘ನನ್ನನ್ನೂ ಸಾಕರ್‌ಗೆ ಸೇರಿಸಿ.’ ಸಾಕರ್ ಅಂದರೆ ನಮ್ಮ ಫುಟ್‌ಬಾಲೇ. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಮೈಮೇಲೆ ಬೀಳುವ ಬೇರೆಯದೇ ಆಟ. ನೀವು ದುಡ್ಡು ಕಟ್ಟುತ್ತೀರಿ, ಶೂ ಕೊಡಿಸುತ್ತೀರಿ. ಮಗುವಿಗೆ ಆಟ ಹೇಳಿಕೊಡಲು ಕೋಚ್ ಇರುತ್ತಾರೆ. ಅಪ್ಪ ಅಮ್ಮನಿಗೆ ಹೇಳಿಕೊಡುವವರು ಯಾರೂ ಇರುವುದಿಲ್ಲ. ನಮ್ಮ ಕನ್ನಡ ಸಂಘದ ಹಳಬರು ಒಬ್ಬೊಬ್ಬರಾಗಿ ಮುಖಭಂಗ ಮಾಡಿಕೊಂಡೇ ಇದನ್ನೆಲ್ಲ ಕಲಿತದ್ದು.

ನನ್ನದೇ ಹೇಳುತ್ತೇನೆ. ಮಗನಿಗೆ ಆಗ ಎಂಟು ವರ್ಷ, ಮೊದಲ ಮ್ಯಾಚು. ನಾನು ಗೆರೆಯ ಪಕ್ಕದಲ್ಲೇ ಅವನ ಜೊತೆ ಓಡುತ್ತಾ ‘ಒದಿಯೋ! ಒದಿ! ಬಿಡಬೇಡ ಅವನನ್ನ!’ ಅಂತ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಕನ್ನಡ ತಾನೇ, ಯಾರಿಗೆ ಗೊತ್ತಾಗುತ್ತೆ ಅನ್ನುವ ಧೈರ್ಯ. ರೆಫರಿ ಆಟ ನಿಲ್ಲಿಸಿ ನನ್ನ ಕಡೆ ಬಂದ. ಹಲ್ಲಿಗೆ ತಂತಿ ಹಾಕಿಸಿಕೊಂಡ ಹುಡುಗ, ಹೆಚ್ಚೆಂದರೆ 14 ವರ್ಷ. ‘ಸರ್, ದಯವಿಟ್ಟು ಹೊರಗಿನಿಂದ ಕೋಚಿಂಗ್ ಮಾಡಬೇಡಿ’ ಅಂದ. ಅವನ ಧ್ವನಿ ನಡುಗುತ್ತಿತ್ತು. ಅಕ್ಕಪಕ್ಕದ ಅಪ್ಪ ಅಮ್ಮಂದಿರೆಲ್ಲ ತಂತಮ್ಮ ಕಾಫಿ ಲೋಟ ನೋಡಿಕೊಳ್ಳತೊಡಗಿದರು. ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಮಗ ಕೇಳಿದ: ‘ಅಪ್ಪಾ, ಕೋಚ್ ಪಾಸ್ ಮಾಡು ಅಂತಾರೆ, ನೀನು ಒದಿ ಅಂತೀಯ. ನಾನು ಯಾರ ಮಾತು ಕೇಳ್ಲಿ?’

ಆದ್ದರಿಂದ ಮೊದಲನೇ ಮಾತು ಇದು. ಆಟ ನಡೆಯುವಾಗ ಮಗುವಿಗೆ ಏನು ಮಾಡಬೇಕೆಂದು ಹೇಳುವ ಕೆಲಸ ಕೋಚ್‌ದು, ನಮ್ಮದಲ್ಲ. ಕೂಗಬಾರದು ಅಂತಲ್ಲ, ಧಾರಾಳವಾಗಿ ಕೂಗಿ. ‘ಭೇಷ್’, ‘ಸಖತ್’, ‘ಗುಡ್ ಟ್ರೈ’, ಯಾವುದಾದರೂ ಆಗಬಹುದು. ‘ಹೊಡಿ’, ‘ಓಡು’, ‘ಆ ಕಡೆ ನಿಲ್ಲು’, ಇವು ಬೇಡ. ಕನ್ನಡದಲ್ಲೂ ಬೇಡ. ಅರ್ಥ ಗೊತ್ತಾಗದಿದ್ದರೂ ದನಿಯ ಏರಿಳಿತ ಎಲ್ಲರಿಗೂ ತಿಳಿಯುತ್ತದೆ. ಎದುರು ತಂಡದ ಮಗು ಚೆನ್ನಾಗಿ ಗೋಲು ಹೊಡೆದರೂ ಚಪ್ಪಾಳೆ ತಟ್ಟಿ. ಮೊದಮೊದಲು ಕೈ ಮೇಲೇಳುವುದಿಲ್ಲ, ಆಮೇಲೆ ರೂಢಿಯಾಗುತ್ತದೆ.

ರೆಫರಿ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಚಿಕ್ಕ ಮಕ್ಕಳ ಮ್ಯಾಚಿಗೆ ಬರುವ ರೆಫರಿಗಳಲ್ಲಿ ಬಹಳ ಜನ ಹೈಸ್ಕೂಲು ಓದುವವರು. ಅವರಿಂದ ತಪ್ಪಾಗುತ್ತದೆ, ಖಂಡಿತ ಆಗುತ್ತದೆ. ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾ ಅಂಪೈರಿಗೆ ಬೈದು ಬೆಳೆದವರು ನಾವು. ಆದರೆ ಟಿವಿಯಲ್ಲಿದ್ದವನಿಗೆ ನಮ್ಮ ಮಾತು ಕೇಳುತ್ತಿರಲಿಲ್ಲ, ಈ ಹುಡುಗನಿಗೆ ಕೇಳುತ್ತದೆ. ಬೈಗುಳ ಕೇಳಿ ಬೇಸತ್ತು ರೆಫರಿ ಕೆಲಸ ಬಿಡುವವರು ಹೆಚ್ಚಾದರೆಂದೇ ಇಲ್ಲಿನ ಸಾಕರ್ ಫೆಡರೇಶನ್ 2025ರ ಮಾರ್ಚ್‌ನಿಂದ ಬಿಗಿ ನಿಯಮ ತಂದಿದೆ. ನೋಡಲು ಬಂದವರೂ ಅದರ ಲೆಕ್ಕಕ್ಕೆ ಬರುತ್ತಾರೆ. ರೆಫರಿ ನಿಮಗೆ ಕೆಂಪು ಕಾರ್ಡ್ ತೋರಿಸುವುದಿಲ್ಲ. ಆಟ ನಿಲ್ಲಿಸಿ ‘ಇವರನ್ನು ಹೊರಗೆ ಕಳಿಸಿ’ ಅಂತ ಕೋಚ್‌ಗೆ ಹೇಳುತ್ತಾನೆ. ನೀವು ಹೋಗದಿದ್ದರೆ ಮ್ಯಾಚನ್ನೇ ಅಲ್ಲಿಗೆ ಮುಗಿಸಬಹುದು. ಇಪ್ಪತ್ತು ಮಕ್ಕಳು ನಿಮ್ಮ ಮಗುವಿನ ಮುಖ ನೋಡುತ್ತಾ ನಿಲ್ಲುತ್ತಾರೆ.

ತೀರ್ಪಿನ ಜಗಳ ಮಕ್ಕಳ ಬಾಯಲ್ಲೂ ಬಂದರೆ ನಾನು ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್ ಕಥೆ ಹೇಳುತ್ತೇನೆ. 1980ರ ಬಾಂಬೆ ಟೆಸ್ಟ್. ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್‌ರನ್ನು, ಚೆಂಡು ಬ್ಯಾಟಿಗೆ ತಾಗಿಲ್ಲ ಅನ್ನಿಸಿದ್ದಕ್ಕೆ, ಕ್ಯಾಪ್ಟನ್ ವಿಶ್ವನಾಥ್ ವಾಪಸ್ ಕರೆದರು. ಟೇಲರ್, ಬೋಥಮ್ ಜೊತೆ ನಿಂತು ಆಡಿದರು, ಮ್ಯಾಚ್ ನಾವು ಸೋತೆವು. ‘ಮತ್ತೆ ಯಾಕ್ ಕರೆದ್ರು?’ ಅಂತ ಮಗ ಕೇಳಿದ. ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಇನ್ನು ‘ನನ್ನ ಮಗ ಚೆನ್ನಾಗಿ ಆಡ್ತಾನೆ, ಅವನನ್ನ ಯಾಕೆ ಹೊರಗೆ ಕೂರಿಸಿದ್ರು?’ ಅನ್ನುವ ಪ್ರಶ್ನೆ. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಎವೈಎಸ್‌ಒ ಅನ್ನುವ ಮಕ್ಕಳ ಸಾಕರ್‌ನ ದೊಡ್ಡ ಸಂಸ್ಥೆಯ ಮುಖ್ಯ ನಿಯಮವೇ ಎಲ್ಲರೂ ಆಡಬೇಕು ಅನ್ನುವುದು. ಬಂದ ಪ್ರತಿ ಮಗುವೂ ಕನಿಷ್ಠ ಅರ್ಧ ಮ್ಯಾಚ್ ಆಡಲೇಬೇಕು. ಊರಿನ ಮನರಂಜನಾ ಲೀಗ್‌ಗಳಲ್ಲಿ ಹೆಚ್ಚುಕಡಿಮೆ ಇದೇ ಪದ್ಧತಿ. ಗೋಲು ಹೊಡೆಯುವ ಹುಡುಗನೂ ಹೊರಗೆ ಕೂರುತ್ತಾನೆ, ಚೆಂಡು ಕಂಡರೆ ಹೆದರುವವನೂ ಒಳಗೆ ಹೋಗುತ್ತಾನೆ. ತೀರಾ ಚಿಕ್ಕವರ ಮ್ಯಾಚಿನಲ್ಲಿ ಎಷ್ಟೋ ಕಡೆ ಸ್ಕೋರನ್ನೇ ಬರೆಯುವುದಿಲ್ಲ. ನಾವು ಬೆರಳಲ್ಲಿ ಎಣಿಸುತ್ತೇವೆ ಅನ್ನಿ. ಸೆಲೆಕ್ಷನ್ ಮಾಡಿ ತೆಗೆದುಕೊಳ್ಳುವ ಕ್ಲಬ್ ತಂಡಗಳ ಲೆಕ್ಕ ಬೇರೆ, ದುಡ್ಡೂ ಜಾಸ್ತಿ, ಊರೂರು ತಿರುಗಾಟವೂ ಜಾಸ್ತಿ. ಮೊದಲ ವರ್ಷವೇ ಅತ್ತ ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಕೋಚ್ ಕೂಡ ಬಹಳ ಸಲ ನಿಮ್ಮ ಹಾಗೆಯೇ ಆಫೀಸು ಮುಗಿಸಿ ಬಂದ ಒಬ್ಬ ಅಪ್ಪನೋ ಅಮ್ಮನೋ. ಸಂಬಳ ಇಲ್ಲ. ಮಕ್ಕಳು ಅವರನ್ನು ಅಂಕಲ್, ಆಂಟಿ ಅನ್ನುವುದಿಲ್ಲ, ‘ಕೋಚ್’ ಅನ್ನುತ್ತಾರೆ, ನೀವೂ ಹಾಗೇ ಕರೆಯಿರಿ. ದೂರು ಇದ್ದರೆ ಮ್ಯಾಚ್ ಮುಗಿದ ಕೂಡಲೇ ಹತ್ತಿರ ಹೋಗಬೇಡಿ. 24 ಗಂಟೆ ಕಾಯುವುದು ಇಲ್ಲಿನ ರೂಢಿ. ಮಾರನೇ ದಿನ ಒಂದು ಮೆಸೇಜ್ ಹಾಕಿ, ಅಷ್ಟು ಹೊತ್ತಿಗೆ ಅರ್ಧ ದೂರು ಕರಗಿರುತ್ತದೆ. ಬರಲಾಗದಿದ್ದರೆ ಮೊದಲೇ ತಿಳಿಸಿ. ಚಿಕ್ಕವರ ತಂಡದಲ್ಲಿ ಏಳೇ ಜನ ಆಡುತ್ತಾರೆ, ಇಬ್ಬರು ತಪ್ಪಿಸಿಕೊಂಡರೆ ತಂಡವೇ ಇಲ್ಲ. ಒಂಬತ್ತಕ್ಕೆ ಮ್ಯಾಚು ಅಂದರೆ ಎಂಟೂವರೆಗೆ ಮೈದಾನದಲ್ಲಿರಬೇಕು. ನಮ್ಮ ಸಂಘದ ಯುಗಾದಿ ಕಾರ್ಯಕ್ರಮದ ಟೈಮು ಅಲ್ಲಿ ನಡೆಯುವುದಿಲ್ಲ.

ನಮ್ಮವರು ಎಡವುವ ಇನ್ನೊಂದು ಜಾಗ ಒಡವೆ. ಓಲೆ, ಬಳೆ, ಕಾಲ್ಗೆಜ್ಜೆ, ಕುತ್ತಿಗೆಯ ಸರ, ಏನೂ ಹಾಕಿಕೊಂಡು ಆಡುವಂತಿಲ್ಲ. ಮೇಲೆ ಟೇಪು ಸುತ್ತಿದರೂ ಒಪ್ಪುವುದಿಲ್ಲ. ಆಗತಾನೇ ಕಿವಿ ಚುಚ್ಚಿಸಿದ ಹುಡುಗಿ ಓಲೆ ತೆಗೆಯಲಾಗದೆ ಅಳುತ್ತಾ ಹೊರಗೆ ಕೂತದ್ದನ್ನು ಕಣ್ಣಾರೆ ನೋಡಿದ್ದೇನೆ. ಕಿವಿ ಚುಚ್ಚಿಸುವುದಿದ್ದರೆ ಸೀಸನ್ ಮುಗಿದ ಮೇಲೆ ಚುಚ್ಚಿಸಿ. ಕೈಗೆ ದೇವಸ್ಥಾನದ ದಾರ ಇದ್ದರೆ ಕೋಚ್‌ಗೆ ಮೊದಲೇ ಹೇಳಿಡಿ. ಶಿನ್ ಗಾರ್ಡ್, ಅಂದರೆ ಮಂಡಿಯ ಕೆಳಗೆ ಕಾಲಿನ ಮುಂಭಾಗಕ್ಕೆ ಕಟ್ಟುವ ರಕ್ಷಾಪಟ್ಟಿ, ಕಡ್ಡಾಯ, ಅದರ ಮೇಲೆ ಸಾಕ್ಸ್ ಬರಬೇಕು. ಹತ್ತು ವರ್ಷದೊಳಗಿನವರು ಬೇಕೆಂದೇ ಚೆಂಡನ್ನು ತಲೆಯಿಂದ ಹೊಡೆಯುವಂತಿಲ್ಲ. ಹೊಡೆದರೆ ಎದುರಿನವರಿಗೆ ಫ್ರೀ ಕಿಕ್ ಸಿಗುತ್ತದೆ. ‘ತಲೆ ಕೊಡೋ’ ಅಂತ ಕೂಗಿದರೆ ನಷ್ಟ ನಿಮ್ಮ ತಂಡಕ್ಕೇ.

ಊರಿಂದ ಅಜ್ಜಿ ತಾತ ಬಂದಿದ್ದರೆ ಅವರಿಗೂ ಒಂದು ಮಾತು ಹೇಳಿ ಕರೆದುಕೊಂಡು ಹೋಗಿ. ನಮ್ಮ ಅಮ್ಮ ಬಂದಿದ್ದಾಗ ಮೊಮ್ಮಗ ಬಿದ್ದ. ಮೈಮೇಲೆ ಸೀರೆ, ಕಾಲಲ್ಲಿ ನನ್ನ ಹೆಂಡತಿಯ ಶೂ, ಕೈಯಲ್ಲಿ ನೀರಿನ ಬಾಟಲಿ, ‘ಅಯ್ಯೋ ಕಂದಾ’ ಅನ್ನುತ್ತಾ ಮೈದಾನದ ನಡುವೆಯೇ ನುಗ್ಗಿಬಿಟ್ಟರು. ಮಗು ಬಿದ್ದರೆ ರೆಫರಿ ಆಟ ನಿಲ್ಲಿಸಿ ಕೋಚ್‌ನ ಕರೆಯುತ್ತಾನೆ, ಕೋಚ್ ಕರೆದರೆ ಮಾತ್ರ ನಾವು ಒಳಗೆ ಹೋಗಬೇಕು. ಅಷ್ಟು ಹೊತ್ತು ಎರಡೂ ತಂಡದ ಮಕ್ಕಳು ಒಂದು ಮಂಡಿ ಊರಿ ಸುಮ್ನೆ ಕೂರುತ್ತಾರೆ. ಬಿದ್ದವನು ಎದ್ದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅವತ್ತಿನ ಚಪ್ಪಾಳೆಯಲ್ಲಿ ಅರ್ಧ ಅಮ್ಮನಿಗೇ ಇತ್ತು.

ಗುಡುಗು ಕೇಳಿಸಿದರೆ ಎಲ್ಲರೂ ಕಾರಿಗೆ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಆಟ ಇಲ್ಲ, ವಾದ ಮಾಡಬೇಡಿ. ಬೇರೆ ಮಕ್ಕಳ ಫೋಟೋ ಅವರ ಮನೆಯವರನ್ನು ಕೇಳದೆ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ‘ಯಾಕೋ ಇಷ್ಟು ದಪ್ಪ ಆಗಿದ್ದೀಯ’ ಅನ್ನುವ ನಮ್ಮೂರಿನ ಪ್ರೀತಿಯ ಮಾತು ಇಲ್ಲಿ ಯಾರ ಮಗುವಿಗೂ ಬೇಡ. ಸಿಟ್ಟು ಬಂತೆಂದು ನಿಮ್ಮದೇ ಮಗುವಿನ ತಲೆಗೆ ಮೊಟಕಿದರೂ ದೊಡ್ಡ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ.

ತಂಡದ ಮಕ್ಕಳಿಗೆಲ್ಲ ತಿಂಡಿ ತರುವ ಸರದಿ ನಿಮ್ಮದಾದಾಗ ಕಿತ್ತಳೆ ಹೆಚ್ಚಿ ಒಯ್ಯಿರಿ, ಎಲ್ಲರಿಗೂ ಆಗುತ್ತದೆ. ಕಡಲೆಕಾಯಿ ಚಿಕ್ಕಿ ಬೇಡವೇ ಬೇಡ. ಕೆಲವು ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಪ್ರಾಣಕ್ಕೇ ಕುತ್ತು ತರಬಹುದು. ಮ್ಯಾಚ್ ಮುಗಿದ ಮೇಲೆ ಮಕ್ಕಳು ಸಾಲಾಗಿ ನಿಂತು ಎದುರಿನವರ ಕೈ ಮುಟ್ಟುತ್ತಾ ‘ಗುಡ್ ಗೇಮ್, ಗುಡ್ ಗೇಮ್’ ಅನ್ನುತ್ತಾರೆ. ಸೋತ ಸಿಟ್ಟಲ್ಲಿ ನಿಮ್ಮ ಮಗು ಆ ಸಾಲಿನಿಂದ ತಪ್ಪಿಸಿಕೊಂಡು ನಿಮ್ಮ ಹತ್ತಿರ ಓಡಿ ಬಂದರೆ ಅಪ್ಪಿಕೊಳ್ಳಬೇಡಿ, ಮೊದಲು ವಾಪಸ್ ಕಳಿಸಿ. ಕಾರಿನಲ್ಲಿ ಆಟದ ಪೋಸ್ಟ್‌ಮಾರ್ಟಂ ಶುರು ಮಾಡಬೇಡಿ. ‘ಹಸಿವಾಗ್ತಿದೆಯಾ?’ ಅಂತ ಕೇಳಿ ಚಿತ್ರಾನ್ನದ ಡಬ್ಬಿ ಹಿಂದಕ್ಕೆ ಕೊಡಿ.

ಮೊದಲ ಶನಿವಾರ ಒಬ್ಬರೇ ಹೋಗಲು ಮುಜುಗರವಾದರೆ ಸಂಘದ ಗ್ರೂಪಿನಲ್ಲಿ ಹಾಕಿ, ಯಾರಾದರೂ ಜೊತೆಗೆ ಬರುತ್ತೇವೆ. ಕುರ್ಚಿ ಕೊಳ್ಳಲು ಅವಸರ ಬೇಡ. ಮಡಚುವ ಕುರ್ಚಿ ಎರಡು ನನ್ನ ಕಾರಿನಲ್ಲಿ ಯಾವಾಗಲೂ ಇರುತ್ತವೆ.