ಮೊಬೈಲಿನಲ್ಲಿ ಚುಕ್ಕಿ ಆಟ: ಎರಡು ಮನೆ ಬಿಟ್ಟುಕೊಟ್ಟು ಗೆಲ್ಲುವುದು ಹೇಗೆ?

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಚುಕ್ಕಿ ಇಟ್ಟು, ಗೆರೆ ಎಳೆದು, ಮುಚ್ಚಿದ ಮನೆಯೊಳಗೆ ಹೆಸರಿನ ಮೊದಲ ಅಕ್ಷರ ಬರೆಯುತ್ತಿದ್ದೆವಲ್ಲ, ಆ ಆಟ ಮೊಬೈಲಿನಲ್ಲೂ ಸಿಗುತ್ತದೆ. ಆಪ್ ಸ್ಟೋರಿನಲ್ಲಿ ‘ಡಾಟ್ಸ್ ಅಂಡ್ ಬಾಕ್ಸಸ್’ ಎಂದು ಹುಡುಕಿ. ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ 1889ರಲ್ಲೇ ಇದರ ಬಗ್ಗೆ ಬರೆದಿದ್ದರು. ಅಮೆರಿಕದ ಗಣಿತಜ್ಞ ಎಲ್ವಿನ್ ಬರ್ಲೆಕ್ಯಾಂಪ್ ಈ ಒಂದೇ ಆಟಕ್ಕಾಗಿ ಇಡೀ ಪುಸ್ತಕ ಬರೆದರು. ಮಕ್ಕಳಾಟ ಅಂತ ಸುಮ್ನೆ ತಳ್ಳಿಹಾಕುವಂಥದ್ದಲ್ಲ ಇದು.

ಮೊದಲು ಅಂಕಣದ ಅಳತೆ ಆರಿಸಿ. ಕೆಲವು ಆಪ್‌ಗಳು ಚುಕ್ಕಿಗಳನ್ನು ಲೆಕ್ಕ ಹಾಕುತ್ತವೆ, ಕೆಲವು ಮನೆಗಳನ್ನು. ಅದನ್ನು ನೋಡಿಕೊಳ್ಳಿ. ಸಾಲಿಗೆ 4 ಚುಕ್ಕಿಯಂತೆ 4 ಸಾಲು ಇದ್ದರೆ 9 ಮನೆ, 24 ಗೆರೆ. ಕಲಿಯಲು ಇಷ್ಟು ಸಾಕು. ಸಾಲಿಗೆ 5 ಚುಕ್ಕಿ ಇಟ್ಟರೆ 16 ಮನೆ ಆಗುತ್ತದೆ, ಆಟ 8–8ರಲ್ಲಿ ಸಮ ಆಗಬಹುದು. 6 ಇಟ್ಟರೆ 25 ಮನೆ. ಆದರೆ ಚಿಕ್ಕ ಪರದೆಯಲ್ಲಿ ಬೆರಳು ಪಕ್ಕದ ಗೆರೆಗೆ ತಾಗುವುದು ಜಾಸ್ತಿ. ಅದಕ್ಕೆ ಟ್ಯಾಬ್ ಒಳ್ಳೆಯದು.

ಎರಡು ಚುಕ್ಕಿಗಳ ನಡುವೆ ಒತ್ತಿದರೆ ಗೆರೆ ಬೀಳುತ್ತದೆ. ನಾಲ್ಕನೇ ಗೆರೆ ಯಾರು ಹಾಕುತ್ತಾರೋ ಮನೆ ಅವರದ್ದು. ಮನೆ ಮಾಡಿದವರು ಇನ್ನೊಂದು ಗೆರೆ ಎಳೆಯಲೇಬೇಕು. ಈ ‘ಎಳೆಯಲೇಬೇಕು’ ಎಂಬುದನ್ನು ನೆನಪಿಡಿ, ಇಡೀ ಆಟ ನಿಂತಿರುವುದು ಅದರ ಮೇಲೆ.

ಶುರುವಿನಲ್ಲಿ ಯಾವ ಮನೆಗೂ ಮೂರನೇ ಗೆರೆ ಹಾಕಬೇಡಿ. ಇಬ್ಬರೂ ಹೀಗೇ ಎಚ್ಚರದಿಂದ ಆಡಿದರೆ ಕೊನೆಗೆ ಹೆಚ್ಚಿನ ಮನೆಗಳಿಗೆ ಎರಡೆರಡು ಗೆರೆ ಬಿದ್ದು, ಮನೆಗಳು ಓಣಿಗಳ ಹಾಗೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಓಣಿಯ ಒಂದು ಮನೆಗೆ ಮೂರನೇ ಗೆರೆ ಬಿದ್ದರೆ ಇಡೀ ಓಣಿ ಎದುರಾಳಿಯ ಪಾಲು.

ಈಗ ಅಸಲಿ ಉಪಾಯ. 9 ಮನೆಯ ಆಟದಲ್ಲಿ 4 ಮನೆಯ ಒಂದು ಓಣಿ, 5 ಮನೆಯ ಇನ್ನೊಂದು ಓಣಿ ಉಳಿದಿವೆ ಅಂದುಕೊಳ್ಳಿ. ಬೇರೆ ದಾರಿಯಿಲ್ಲದೆ ಎದುರಾಳಿ ಚಿಕ್ಕ ಓಣಿಯನ್ನು ತುದಿಯಿಂದ ತೆರೆಯುತ್ತಾರೆ. ನೀವು ಆಸೆಪಟ್ಟು ನಾಲ್ಕೂ ಮನೆ ತಗೊಂಡಿರೋ, ಮುಂದಿನ ಗೆರೆಯಿಂದ ದೊಡ್ಡ ಓಣಿಯನ್ನು ನೀವೇ ತೆರೆಯಬೇಕು. 4–5ರಲ್ಲಿ ಸೋತಿರಿ. ಅದರ ಬದಲು ಎರಡು ಮನೆ ಮಾತ್ರ ತಗೊಳ್ಳಿ. ಉಳಿದೆರಡರ ನಡುವಿನ ಗೆರೆಯನ್ನು ಮುಟ್ಟದೆ, ಓಣಿಯ ಆಚೆ ತುದಿಯನ್ನು ಮುಚ್ಚಿಬಿಡಿ. ಎದುರಾಳಿ ನಡುವಿನ ಗೆರೆ ಎಳೆದು ಒಂದೇ ಏಟಿಗೆ ಎರಡೂ ಮನೆ ಪಡೆಯುತ್ತಾರೆ. ಆದರೆ ಮತ್ತೆ ಗೆರೆ ಎಳೆಯಲೇಬೇಕಲ್ವಾ? ದೊಡ್ಡ ಓಣಿ ತೆರೆಯುತ್ತದೆ, ಐದೂ ನಿಮ್ಮದಾಗುತ್ತವೆ. ಲೆಕ್ಕ 7–2! ಮೊದಲ ಸಲ ಇದನ್ನು ಕಂಡವರಿಗೆ ಎಷ್ಟು ಖುಷಿಯಾಗುತ್ತದೆ ಅಂದರೆ, ಆಮೇಲೆ ಅವರು ಸಿಕ್ಕಿದ ಮನೆಗೆಲ್ಲ ಕೈಹಾಕುವುದಿಲ್ಲ.

ಪರದೆಯ ದೊಡ್ಡ ಅನುಕೂಲ ಇಲ್ಲೇ ಇರುವುದು. ಕಾಗದದ ಮೇಲೆ ಎಳೆದ ಗೆರೆ ಅಳಿಸಿದರೆ ಜಗಳ. ಆಪ್‌ನಲ್ಲಿ ಹಿಂದಕ್ಕೆ ಹೋಗುವ ಬಟನ್ ಇದ್ದರೆ, ಕಂಪ್ಯೂಟರಿನ ಜೊತೆ ಆಡುವಾಗ ಅದೇ ಹಂತಕ್ಕೆ ಮರಳಿ ಒಮ್ಮೆ ನಾಲ್ಕೂ ತಗೊಂಡು, ಇನ್ನೊಮ್ಮೆ ಎರಡು ಬಿಟ್ಟು ಆಡಿ ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇದೇ ಉಪಾಯ ಎದುರಾಳಿಗೂ ಗೊತ್ತಿರಬಹುದು. ಹಾಗಾಗಿ ಎರಡೇ ಮನೆಯ ಓಣಿಯನ್ನು ಬಿಟ್ಟುಕೊಡಬೇಕಾಗಿ ಬಂದರೆ ತುದಿಯಲ್ಲಿ ಗೆರೆ ಹಾಕಬೇಡಿ, ನಡುವೆ ಹಾಕಿ. ಆಗ ಎರಡೂ ಮನೆ ಬೇರೆ ಬೇರೆಯಾಗುತ್ತವೆ. ಅವನ್ನು ಜೋಡಿಯಾಗಿ ನಿಮಗೆ ತಿರುಗಿಸಿ ಕೊಡಲು ಅವರಿಗೆ ಆಗುವುದಿಲ್ಲ.