ಎರಡು ಸಹಿ ಇಲ್ಲದ ಪಂಕ್ ಸ್ಟೆನ್ಸಿಲ್ ನನಗೆ ಬೇಡ

ಪಂಕ್ ರಾಕ್ ಹಾಡುಗಾರರ ಫೋಟೊದಿಂದ ಅಚ್ಚು ಕೊರೆದು, ಅದರ ಮೇಲೆ ಬಣ್ಣ ಸ್ಪ್ರೇ ಮಾಡಿ ತೆಗೆದ ಸ್ಟೆನ್ಸಿಲ್ ಚಿತ್ರಗಳನ್ನು ಕೂಡಿಡೋದು ನನ್ನ ಹುಚ್ಚು. ಹೋದ ತಿಂಗಳು ನನ್ನ ಹನ್ನೊಂದನೇ ಸ್ಟೆನ್ಸಿಲ್‌ಗೂ ಎರಡನೇ ಸಹಿ ಬಿತ್ತು. ಅಚ್ಚು ಕೊರೆದ ಕಲಾವಿದನದ್ದು ಒಂದು, ಮೂಲ ಫೋಟೊ ತೆಗೆದವರದ್ದು ಇನ್ನೊಂದು. "ಇನ್ನೊಬ್ಬರ ಕೈಲಿ ಗೀಚಿಸಿದ್ರೆ ರೇಟು ಬಿದ್ದುಹೋಗತ್ತೆ ಮಾರಾಯ" ಅಂತ ಐದಾರು ವರ್ಷ ನಕ್ಕ ಲಂಡನ್ನಿನ ಗೆಳೆಯರೇ ಈಗ ಫೋನು ಮಾಡಿ, ಎರಡನೇ ಸಹಿ ಹೇಗೆ ಹಾಕಿಸೋದು ಅಂತ ಕೇಳ್ತಿದ್ದಾರೆ. ಅದಕ್ಕೇ ಬರೀತಿದ್ದೇನೆ.

ಶುರುವಾಗಿದ್ದೇ ಮೋಸ ಹೋಗೋದರಿಂದ. 2014ರ ಸುಮಾರಿಗೆ ಆನ್‌ಲೈನ್ ಹರಾಜಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಅನ್ನೋ ಪಂಕ್ ಬ್ಯಾಂಡಿನ ಒಬ್ಬ ಸಿಡ್ ವಿಷಸ್ ಸಿಕ್ಕಿದ, 12/50, ಅಂದರೆ ಐವತ್ತು ಪ್ರತಿಗಳಲ್ಲಿ ಹನ್ನೆರಡನೆಯದು, ಸುಮಾರು 180 ಪೌಂಡ್. ಮನೆಗೆ ಬಂದ ಮೇಲೆ ಮಸೂರ ಇಟ್ಟು ನೋಡಿದರೆ ಕಪ್ಪಿನ ಒಳಗೆ ಕೆಂಪು, ನೀಲಿ ಚುಕ್ಕಿಗಳು! ಯಾರೋ ಮನೆಯ ಪ್ರಿಂಟರಿನಲ್ಲಿ ತೆಗೆದ ಮಾಲು. ಸ್ಪ್ರೇ ಆಗಿದ್ದರೆ ಕಪ್ಪು ಅಂದರೆ ಬರೀ ಕಪ್ಪು, ಅಂಚಿನಲ್ಲಿ ಮಾತ್ರ ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣ ಧೂಳು. ಮಾರಿದವ ಆಮೇಲೆ ಉತ್ತರವನ್ನೇ ಕೊಡಲಿಲ್ಲ.

ಆಮೇಲೆ ಅಮೆರಿಕದ ಬೀದಿ ಕಲಾವಿದ ಶೆಪರ್ಡ್ ಫೇರಿಯ ಚಿತ್ರಗಳ ಹಿಂದೆ ಬಿದ್ದೆ. ಅವು ಸ್ಕ್ರೀನ್ ಪ್ರಿಂಟ್, ಅಂದರೆ ಜಾಲರಿ ಬಟ್ಟೆಯ ಮೂಲಕ ಬಣ್ಣ ಒತ್ತಿ ತೆಗೆದವು, ಒಪ್ಪಿದೆ, ಆದರೆ ನೋಟ ಸ್ಟೆನ್ಸಿಲ್‌ನದ್ದೇ. 18x24 ಇಂಚು, ಆಗ ಸಾಮಾನ್ಯವಾಗಿ 450 ಪ್ರತಿ. ಲಾಸ್ ಏಂಜಲಿಸ್‌ನಲ್ಲಿ ಬೆಳಿಗ್ಗೆ 10ಕ್ಕೆ ಆನ್‌ಲೈನ್ ಮಾರಾಟಕ್ಕೆ ಬಿಡ್ತಿದ್ದರು, ಅಂದರೆ ಬ್ರಿಟನ್ನಿನಲ್ಲಿರೋ ನಮಗೆ ಸಂಜೆ 6, ಸರಿಯಾಗಿ ನಾನು ಬಸ್ಸಿನಲ್ಲಿ ನೇತಾಡೋ ಹೊತ್ತು. ಎಂಟೊಂಬತ್ತು ಸಲ ದುಡ್ಡು ಕಟ್ಟೋ ಪುಟದವರೆಗೆ ಹೋಗಿ ಕೈತಪ್ಪಿತು. ಕೊನೆಗೆ ತಡೆಯಲಾರದೆ, 50 ಡಾಲರ್ ಆಸುಪಾಸಿನಲ್ಲಿ ಬಿಟ್ಟದ್ದನ್ನು ಎರಡೇ ದಿನದ ನಂತರ 160 ಪೌಂಡಿಗೆ ತಗೊಂಡೆ. ಹೆಂಡತಿಗೆ ಅರವತ್ತು ಅಂತ ಹೇಳಿದ್ದೆ. ಇದನ್ನು ಓದಿದರೆ ಗೊತ್ತಾಗತ್ತೆ.

ದಾರಿ ತೋರಿಸಿದ್ದು ಒಂದು ಅವಮಾನ. ಪಂಕ್ ಕಾಲದ ಹಿರಿಯ ಫೋಟೊಗ್ರಾಫರ್ ಒಬ್ಬರು ಪುಸ್ತಕಕ್ಕೆ ಸಹಿ ಹಾಕ್ತಿದ್ದರು. ಅವರದೇ ಫೋಟೊ ಇಟ್ಟುಕೊಂಡು ಮಾಡಿದ ಸ್ಟೆನ್ಸಿಲ್ ಒಂದನ್ನು ಸುತ್ತಿಕೊಂಡು ಹೋಗಿ ಮುಂದೆ ಬಿಡಿಸಿದೆ. ಅವರು ಕನ್ನಡಕ ತೆಗೆದು ಹತ್ತಿರದಿಂದ ನೋಡಿ, "ನನ್ನನ್ನು ಕೇಳದೆ ಮಾಡಿದ್ದು ಇದು" ಅಂತ ಹೇಳಿ ವಾಪಸ್ ತಳ್ಳಿದರು. ಹಿಂದಿದ್ದವರೆಲ್ಲ ನನ್ನ ಮುಖವನ್ನೇ ನೋಡ್ತಿದ್ದರು.

ಮನೆಗೆ ಬಂದು ಓದಿದೆ. ಮಿಸ್ಟರ್ ಬ್ರೇನ್‌ವಾಶ್ ಅಂತ ಹೆಸರಿಟ್ಟುಕೊಂಡ ಕಲಾವಿದ ಥಿಯೆರಿ ಗೆಟ್ಟಾ ಮೇಲೆ ಇಬ್ಬರು ಫೋಟೊಗ್ರಾಫರುಗಳು, ಗ್ಲೆನ್ ಫ್ರೀಡ್‌ಮನ್ ರನ್-ಡಿಎಂಸಿ ರ್ಯಾಪ್ ತಂಡದ ಫೋಟೊಗಾಗಿ, ಡೆನಿಸ್ ಮಾರಿಸ್ ಸಿಡ್ ವಿಷಸ್ ಫೋಟೊಗಾಗಿ ಕ್ಯಾಲಿಫೋರ್ನಿಯಾ ಕೋರ್ಟಿಗೆ ಹೋಗಿದ್ದರು. 2011ರಲ್ಲಿ ಒಂದು, 2013ರಲ್ಲಿ ಇನ್ನೊಂದು ತೀರ್ಪು, ಎರಡೂ ಫೋಟೊಗ್ರಾಫರ್ ಕಡೆಗೇ. ಅದೇ ಫ್ರೀಡ್‌ಮನ್, ಅದೇ ಮಾರಿಸ್ ಫೇರಿ ಜೊತೆ ಕೂತು ಒಂದೇ ಹಾಳೆಗೆ ಸಹಿ ಹಾಕಿದ್ದಾರೆ. ಅಂದರೆ ಅವರ ಜಗಳ ಸ್ಟೆನ್ಸಿಲ್ ಜೊತೆ ಅಲ್ಲ, ಕೇಳದೇ ಎತ್ತಿದ್ದರ ಜೊತೆ. ಅವತ್ತಿನಿಂದ ಅನುಮತಿ ಪಡೆದು ಮಾಡಿದ್ದನ್ನು ಮಾತ್ರ ಕೊಳ್ಳೋದು, ಆಮೇಲೆ ಹಾಳೆ ಹೊತ್ತುಕೊಂಡು ಫೋಟೊಗ್ರಾಫರ್ ಹತ್ತಿರ ಹೋಗೋದು. ಪೆನ್ನು ಕೊಡಬೇಡಿ, 2ಬಿ ಪೆನ್ಸಿಲ್ ಕೊಡಿ. ಕಲಾವಿದನ ಸಹಿ ಬಲಗಡೆ ಇದ್ದರೆ ಎಡ ಅಂಚು ತೋರಿಸಿ. ಸಹಿ ಕೇಳೋ ಮೊದಲು ಅವರ ಮುಂದೆ ನಾನೊಂದು ವಸ್ತು ಇಡ್ತೇನೆ, ಅದು ಏನು ಅಂತ ಮಾತ್ರ ಹೇಳಲ್ಲ.

ನಡುವೆ ನಾನೇ ಒಂದು ಸ್ಟೆನ್ಸಿಲ್ ಕೊರೆದೆ. ಲಂಡನ್ನಿನ ಕ್ಯಾಮ್ಡನ್ ಬಡಾವಣೆಯ ಪಬ್ಬಿನಲ್ಲಿ ನಾನೇ ತೆಗೆದ ಫೋಟೊ, ಮೂರು ಪದರ, ಎರಡು ವಾರಾಂತ್ಯ. ಹಲ್ಲುಗಳನ್ನು ಅಚ್ಚಿಗೆ ಹಿಡಿದಿಡೋ ಸಣ್ಣ ಪಟ್ಟಿ, ಅಂದರೆ ಸೇತುವೆ, ಬಿಡೋದು ಮರೆತು, ಕತ್ತರಿಸಿದ ಕೂಡಲೇ ಅವೆಲ್ಲ ಉದುರಿ ಗಾಯಕ ಬೊಚ್ಚುಬಾಯಿ ಆದ. ಸಿರಸಿಯಲ್ಲಿ ಅಪ್ಪ ಅಡಿಕೆ ಮೂಟೆಗೆ ತಗಡಿನ ಅಚ್ಚಿಟ್ಟು ಮಾರ್ಕಾ ಹೊಡೀತಿದ್ದಾಗ, ಇಂಗ್ಲಿಷ್ ಓ ಅಕ್ಷರ ಯಾಕೆ ಎರಡು ಕಡೆ ತುಂಡಾಗಿದೆ ಅಂತ ಕೇಳ್ತಿದ್ದೆ. ಉತ್ತರ ಸಿಗೋಕೆ ಮೂವತ್ತು ವರ್ಷ ಬೇಕಾಯ್ತು.

ಆದರೆ ಅದರಿಂದ ಕಣ್ಣು ಪಳಗಿತು. ಹದಿನಾಲ್ಕು, ಹದಿನೈದನೇ ಪ್ರತಿಗೆ ಬರೋ ಹೊತ್ತಿಗೆ ಅಚ್ಚಿನ ಅಂಚಿನಲ್ಲಿ ಬಣ್ಣ ದಪ್ಪಗಟ್ಟತ್ತೆ, ಸಣ್ಣ ಸೇತುವೆಗಳು ಮೇಲೆದ್ದು ಅಡಿಗೆ ಬಣ್ಣ ನುಸುಳತ್ತೆ. ಒಣಗಿದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಮೇಲಿಂದ ನಂಬರ್ ಹಾಕಿದ್ದರಿಂದ ನನ್ನ 1/20 ನಿಜಕ್ಕೂ ಕೊನೆಯದು. ಹಾಗಾಗಿ ಕಡಿಮೆ ನಂಬರಿಗೆ ಹೆಚ್ಚು ದುಡ್ಡು ಕೊಡೋರನ್ನು ಕಂಡರೆ ನಗು ಬರತ್ತೆ. ನಾನು ನೋಡೋದು ಕೂದಲ ತುದಿ, ಕೊರಳ ಸರಪಳಿ. ಸರಪಳಿಯ ಕೊಂಡಿಗಳೊಳಗೆ ಬಿಳಿ ಉಳಿದಿದ್ದರೆ ಅದು ಮೊದಮೊದಲ ಪ್ರತಿ.

ದುಡ್ಡು ಸೋರಿದ್ದು ಬೇರೆ ಕಡೆ. ಒಂದು ಫ್ರೇಮಿನ ಅಂಗಡಿಯವನು ಹಾಳೆಯನ್ನು ಬೋರ್ಡಿಗೆ ಬಿಸಿ ಅಂಟು ಹಾಕಿ ಒತ್ತಿಬಿಟ್ಟ, 250ರ ಮಾಲು 100ಕ್ಕೂ ಹೋಗಲಿಲ್ಲ. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟ ಮೇಲೆ, 2021ರ ನಂತರ ಫ್ರಾನ್ಸಿನಿಂದ ತರಿಸಿದ 320 ಪೌಂಡಿನ ಸ್ಟೆನ್ಸಿಲ್ ಮೇಲೆ ಕಳಿಸಿದವರು "ಪೋಸ್ಟರ್" ಅಂತ ಬರೆದಿದ್ದರು, 20% ವ್ಯಾಟ್ ತೆರಿಗೆ ಬಿತ್ತು. ಕೈಯಾರೆ ಮಾಡಿದ ಮೂಲ ಕಲಾಕೃತಿಗೆ 5%. ಹೆಚ್ಚಿಗೆ ಕಟ್ಟಿದ ನಲವತ್ತೆಂಟು ಪೌಂಡ್ ವಾಪಸ್ ಬರೋಕೆ ನಾಲ್ಕು ತಿಂಗಳು ಪತ್ರ ಬರೆದೆ. ಯಂತ್ರದಲ್ಲಿ ತೆಗೆದ ಪ್ರಿಂಟಿಗೆ ಈ ಆಟ ನಡೆಯಲ್ಲ, ಸುಳ್ಳು ಬರೆಸಬೇಡಿ.

ಒಟ್ಟು ಮೂರೂಮುಕ್ಕಾಲು ಸಾವಿರ ಪೌಂಡ್ ಹೋಗಿರಬೇಕು. ಎರಡು ಸಹಿ ಬಿದ್ದ ನಾಲ್ಕನ್ನು ಮಾರಿದ್ದಕ್ಕೆ ಎರಡು ಸಾವಿರದ ಮೇಲೆ ಬಂತು. ಉಳಿದ ಏಳು ಗೋಡೆ ಮೇಲಿವೆ. ಬೆಲೆ ಬೀಳತ್ತೆ ಅಂದವರಲ್ಲೇ ಒಬ್ಬರು ಎಂಟನೆಯದನ್ನು ಕೇಳ್ತಿದ್ದಾರೆ. ಅದು ಟಾಯ್ಲೆಟ್ಟಿನಲ್ಲಿರೋ 12/50, ಪ್ರಿಂಟರಿನಲ್ಲಿ ತೆಗೆದದ್ದು ಅಂತ ಅವರಿಗೆ ಇನ್ನೂ ಹೇಳಿಲ್ಲ.