ಮುಖಕ್ಕೆ ಕೈ ಹಚ್ಚುವ ಮುನ್ನ: ಚರ್ಮ ಆರೈಕೆಯ ವೃತ್ತಿಯನ್ನು ನಡೆಸುವ ಬಗೆ

ಚರ್ಮ ಆರೈಕೆಯನ್ನು ವೃತ್ತಿಯಾಗಿ ಆರಿಸಿಕೊಂಡವರಿಗೆ ಮೊದಲು ಖಚಿತವಾಗಬೇಕಾದದ್ದು ತಮ್ಮ ಕೆಲಸದ ಗಡಿ. ನಾವು ಚರ್ಮವೈದ್ಯರಲ್ಲ, ರೋಗಕ್ಕೆ ಹೆಸರಿಡುವುದಾಗಲಿ, ಔಷಧ ಬರೆದುಕೊಡುವುದಾಗಲಿ ನಮ್ಮ ಪಾಲಿನದಲ್ಲ. ನಮ್ಮ ಕೈ ಆಡುವುದು ಹೊರಚರ್ಮದ ಮೇಲೆ, ಅದರಲ್ಲೂ ಸತ್ತ ಜೀವಕೋಶಗಳೂ ಅವುಗಳ ನಡುವಿನ ಕೊಬ್ಬೂ ಸೇರಿ ಕಟ್ಟಿದ, ಕಾಗದದ ಹಾಳೆಗಿಂತಲೂ ತೆಳುವಾದ ಮೇಲ್ಪದರದ ಮೇಲೆ. ಎಳೆಯ ವಯಸ್ಸಿನಲ್ಲಿ ಹೊರಚರ್ಮ ಪೂರ್ತಿಯಾಗಿ ಹೊಸದಾಗಲು ಸುಮಾರು 28 ದಿನಗಳು ಬೇಕು. ವಯಸ್ಸಾದಂತೆ ಈ ಅವಧಿ 40 ದಿನಗಳನ್ನೂ ದಾಟಬಹುದು. ಒಂದೇ ಫೇಶಿಯಲ್‌ನಲ್ಲಿ ಕಲೆ ಮಾಯವಾಗುತ್ತದೆಂದು ಮಾತು ಕೊಡುವವರು ಒಂದೋ ಈ ಲೆಕ್ಕ ಅರಿಯದವರು, ಇಲ್ಲವೇ ಅರಿತೂ ಬಚ್ಚಿಡುವವರು.

ತರಬೇತಿಯ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ. ಕೆಲವೆಡೆ ಪರವಾನಗಿಯಿಲ್ಲದೆ ಕೆಲಸ ಮಾಡುವುದೇ ಅಪರಾಧ. 1946ರಲ್ಲಿ ಹುಟ್ಟಿದ ಸಿಡೆಸ್ಕೊದಂತಹ ಅಂತರರಾಷ್ಟ್ರೀಯ ಸೌಂದರ್ಯವೃತ್ತಿ ಸಂಸ್ಥೆಗಳ ಡಿಪ್ಲೊಮಾಗೆ ಹಲವು ದೇಶಗಳಲ್ಲಿ ಮನ್ನಣೆಯಿದೆ. ಕೋರ್ಸ್ ಆಯ್ದುಕೊಳ್ಳುವಾಗ ನಾನಾದರೆ ಒಂದೇ ಪ್ರಶ್ನೆ ಕೇಳುತ್ತೇನೆ: ಶಿಕ್ಷಕರು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ಎಷ್ಟು ನಿಜವಾದ ಮುಖಗಳ ಮೇಲೆ ಕೆಲಸ ಮಾಡಲು ಸಿಗುತ್ತದೆ?

ಕೆಲಸದ ಅರ್ಧಭಾಗ ನಡೆಯುವುದು ಗ್ರಾಹಕರು ಮಲಗುವ ಮೊದಲು, ಕುರ್ಚಿಯಲ್ಲಿ ಎದುರುಬದುರು ಕೂತಾಗ. “ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?” ಎಂದು ಕೇಳಿದರೆ ಹೆಚ್ಚಿನವರು ಇಲ್ಲವೆನ್ನುತ್ತಾರೆ, ಏಕೆಂದರೆ ಮುಖಕ್ಕೆ ಹಚ್ಚುವ ಕ್ರೀಮನ್ನು ಯಾರೂ ಔಷಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ವೃತ್ತಿಯ ಮೊದಲ ವರ್ಷದಲ್ಲಿ ಆ ಉತ್ತರವನ್ನೇ ನಂಬಿ ನಾನು ಒಬ್ಬರಿಗೆ ಗ್ಲೈಕಾಲಿಕ್ ಪೀಲ್, ಅಂದರೆ ಸತ್ತ ಮೇಲ್ಪದರವನ್ನು ಸಡಿಲಿಸುವ ಆಮ್ಲದ ಲೇಪ, ಹಚ್ಚಿದೆ. ಒಂದು ನಿಮಿಷವೂ ಕಳೆದಿರಲಿಲ್ಲ, ಮೂಗಿನ ಪಕ್ಕದ ಮಡಿಕೆಯಲ್ಲಿ ಬೂದಿ ಉದುರಿಸಿದಂತೆ ಬಿಳಿಯ ಮಚ್ಚೆಯೊಂದು ಎದ್ದಿತು. ಕೂಡಲೇ ತೊಳೆದು ತಣ್ಣನೆಯ ಬಟ್ಟೆ ಇಟ್ಟ ಮೇಲೆ ವಿಚಾರಿಸಿದರೆ, ಮೊಡವೆಗೆಂದು ಪ್ರತಿ ರಾತ್ರಿ ರೆಟಿನಾಯ್ಡ್ ಜೆಲ್ (ವಿಟಮಿನ್ ಎ ಬಗೆಯ, ಚರ್ಮವನ್ನು ಸೂಕ್ಷ್ಮವಾಗಿಸುವ ಔಷಧಿ) ಹಚ್ಚುತ್ತಿದ್ದ ಸಂಗತಿ ಹೊರಬಂತು. ಅಂದಿನಿಂದ ನನ್ನ ಪ್ರಶ್ನೆ ಬದಲಾಗಿದೆ: “ನಿನ್ನೆ ರಾತ್ರಿ ಮಲಗುವ ಮುನ್ನ ಮುಖಕ್ಕೆ ಏನೇನು ಹಚ್ಚಿದಿರಿ? ಬೆಳಿಗ್ಗೆ?” ಸಾಧ್ಯವಾದರೆ ಟ್ಯೂಬುಗಳ ಫೋಟೊ ತೋರಿಸಲು ಹೇಳುತ್ತೇನೆ. ರೆಟಿನಾಯ್ಡ್ ಹಚ್ಚುವವರಿಗೆ ಅದನ್ನು ನಿಲ್ಲಿಸಿ ಐದರಿಂದ ಏಳು ದಿನ ಕಳೆಯುವವರೆಗೆ ವ್ಯಾಕ್ಸಿಂಗ್ ಆಗಲಿ ಪೀಲ್ ಆಗಲಿ ಬೇಡ. ಆದರೆ ವೈದ್ಯರು ಬರೆದುಕೊಟ್ಟದ್ದಾದರೆ ನಿಲ್ಲಿಸುವ ಮಾತನ್ನು ಅವರೇ ಹೇಳಬೇಕು. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರಿಗಂತೂ ಇವೆರಡನ್ನೂ ಮಾಡದೆ, ಮಾತ್ರೆ ಮುಗಿದ ಬಳಿಕವೂ ವೈದ್ಯರ ಒಪ್ಪಿಗೆ ಪಡೆದೇ ಮುಂದುವರಿಯಬೇಕು. ಗರ್ಭಿಣಿಯೇ, ತುಟಿಯ ಬಳಿ ಹರ್ಪಿಸ್ ಗುಳ್ಳೆ ಏಳುವ ಅಭ್ಯಾಸವಿದೆಯೇ, ಕಳೆದ ಕೆಲವು ದಿನಗಳಲ್ಲಿ ಬಿಸಿಲಿಗೆ ಚರ್ಮ ಸುಟ್ಟಿದೆಯೇ ಎಂಬುದನ್ನೂ ಕೇಳಿ ಬರೆದಿಟ್ಟು ಸಹಿ ಪಡೆಯಬೇಕು.

ಅನಂತರ ನೋಡುವ ಕೆಲಸ. ಮುಖವನ್ನು ಸೌಮ್ಯವಾದ ಕ್ಲೆನ್ಸರ್‌ನಿಂದ ತೊಳೆದು, ಏನನ್ನೂ ಹಚ್ಚದೆ ಕೆಲವು ನಿಮಿಷ ಬಿಟ್ಟು, ಭೂತಗನ್ನಡಿಯ ದೀಪದ ಕೆಳಗೆ ಪರೀಕ್ಷಿಸಬೇಕು. ಎಣ್ಣೆಯ ಹೊಳಪಿದ್ದೂ ಬೆರಳಿನಿಂದ ಮೆಲ್ಲಗೆ ತಳ್ಳಿದಾಗ ಸಣ್ಣ ಸಣ್ಣ ಗೆರೆಗಳು ಮೂಡಿದರೆ ಅದು ನೀರಿನಂಶ ಕಳೆದುಕೊಂಡ ಎಣ್ಣೆಚರ್ಮ. ಅದನ್ನು ಇನ್ನಷ್ಟು ಉಜ್ಜಿ ಒಣಗಿಸುವುದು ಹೊಸಬರು ಮಾಡುವ ತಪ್ಪು. ಬಿಸಿಲಿಗೆ ಚರ್ಮ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ಮೇಲೆ ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ, ಮುಂದೆ ಆರು ವರ್ಗಗಳಿಗೆ ವಿಸ್ತರಿಸಿದ ವಿಂಗಡಣೆ ಇಲ್ಲಿ ನೆರವಿಗೆ ಬರುತ್ತದೆ: ನಾಲ್ಕರಿಂದ ಆರನೆಯ ವರ್ಗದ ಕಂದು ಮತ್ತು ಕಪ್ಪು ಚರ್ಮದಲ್ಲಿ ಚಿಕ್ಕ ಉರಿಯೂತವೂ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಯಾಗಬಹುದು. ಬಿಳುಪಾಗಲೆಂದು ಸ್ಟಿರಾಯ್ಡ್ ಬೆರೆತ ಕ್ರೀಮನ್ನು ತಿಂಗಳಾನುಗಟ್ಟಲೆ ಹಚ್ಚಿದವರ ಮುಖ ತೆಳುವಾಗಿ, ಕೆನ್ನೆಯಲ್ಲಿ ಎಳೆಎಳೆಯಾಗಿ ರಕ್ತನಾಳಗಳು ಕಾಣಿಸುತ್ತವೆ. ಅಂಥವರನ್ನು ಮುಟ್ಟದೆ ವೈದ್ಯರ ಬಳಿಗೆ ಕಳುಹಿಸಬೇಕು. ಎರಡು ಬದಿ ಒಂದೇ ಆಕಾರದಲ್ಲಿಲ್ಲದ, ಅಂಚು ಹರಿದಂತಿರುವ, ಹಲವು ಬಣ್ಣಗಳ, 6 ಮಿಲಿಮೀಟರ್‌ಗಿಂತ ದೊಡ್ಡದಾದ ಅಥವಾ ಈಚೆಗೆ ಬದಲಾಗುತ್ತಿರುವ ಮಚ್ಚೆ ಕಂಡರೂ ಅಷ್ಟೇ. ಕ್ಯಾನ್ಸರ್ ಎಂಬ ಪದವನ್ನು ನಾವು ಎತ್ತಕೂಡದು, “ಇದನ್ನು ಒಮ್ಮೆ ವೈದ್ಯರಿಗೆ ತೋರಿಸಿ” ಎಂದರೆ ಸಾಕು.

ಹೊಸ ಉತ್ಪನ್ನ ಬಳಸುವ ಮುನ್ನ ಮುಂಗೈಯ ಒಳಭಾಗದಲ್ಲೋ ಕಿವಿಯ ಹಿಂದೆಯೋ ಹಚ್ಚಿ 24ರಿಂದ 48 ಗಂಟೆ ಕಾಯುವುದು ನಿಯಮ.

ಬ್ಲ್ಯಾಕ್‌ಹೆಡ್ ತೆಗೆಯುವುದು ಸುಲಭವೆಂದು ಕಾಣುವ, ಆದರೆ ಕೈಯ ಹದ ಬೇಡುವ ಕೆಲಸ. ಐದರಿಂದ ಎಂಟು ನಿಮಿಷ ಹಬೆ ಕೊಟ್ಟ ಬಳಿಕ, ಕೈಗವಸು ತೊಟ್ಟ ಎರಡೂ ತೋರುಬೆರಳುಗಳಿಗೆ ಒದ್ದೆ ಹತ್ತಿ ಸುತ್ತಿಕೊಂಡು, ರಂಧ್ರದ ಎರಡು ಬದಿಯ ಚರ್ಮವನ್ನು ಮೊದಲು ಕೆಳಕ್ಕೆ ಒತ್ತಿ, ಆಮೇಲೆ ಬುಡದಿಂದ ಒಳಮುಖವಾಗಿ ತಳ್ಳಬೇಕು. ಹೊರಬರುವ ಬಿರಡೆಯ ತುದಿ ಕಪ್ಪಗಿರುವುದು ಕೊಳೆಯಿಂದಲ್ಲ, ಗಾಳಿ ತಾಗಿದ್ದರಿಂದ. ಎರಡು ಮೂರು ಸಲ ಯತ್ನಿಸಿದರೂ ಬಾರದಿದ್ದರೆ ಬಿಟ್ಟುಬಿಡಬೇಕು. ಕೆಂಪಗೆ ಊದಿದ ಮೊಡವೆಯನ್ನು ಒತ್ತಿದರೆ ರಂಧ್ರದ ಗೋಡೆ ಒಳಗೇ ಒಡೆದು ಉರಿಯೂತ ಆಳಕ್ಕೆ ಹರಡುತ್ತದೆ. ಮೂಗಿನ ಮೇಲಿನ ಬೂದು ಚುಕ್ಕೆಗಳೆಲ್ಲ ಬ್ಲ್ಯಾಕ್‌ಹೆಡ್ ಅಲ್ಲ. ಬಹುಪಾಲು ಎಣ್ಣೆ ಹೊರಬರುವ ಸಹಜ ದಾರಿಯೇ ಹಾಗೆ ಕಾಣುತ್ತದೆ, ತೆಗೆದರೂ ಮತ್ತೆ ತುಂಬಿಕೊಳ್ಳುತ್ತದೆ ಎಂಬುದನ್ನು ಗ್ರಾಹಕರಿಗೆ ಕನ್ನಡಿಯಲ್ಲಿ ತೋರಿಸಿಯೇ ವಿವರಿಸಬೇಕಾಗುತ್ತದೆ.

ಆಮ್ಲಗಳ ವಿಷಯದಲ್ಲಿ ಬಾಟಲಿಯ ಮೇಲಿನ ಶೇಕಡಾವಾರು ಮಾತ್ರ ಓದಿದರೆ ಅರ್ಧ ಓದಿದಂತೆ. ಆಮ್ಲೀಯತೆಯ ಅಳತೆಯಾದ ಪಿಎಚ್ ಕಡಿಮೆಯಾದಷ್ಟೂ ಅದೇ ಶೇಕಡಾವಾರು ಹೆಚ್ಚು ಕಚ್ಚುತ್ತದೆ. ಗ್ಲೈಕಾಲಿಕ್ ಆಮ್ಲದಂಥವನ್ನು ಮನೆಬಳಕೆಗೆ ಶೇ. 10ರೊಳಗೆ, ಪಿಎಚ್ 3.5ಕ್ಕಿಂತ ಕಡಿಮೆಯಿಲ್ಲದಂತೆ, ತರಬೇತಿ ಪಡೆದವರು ಹಚ್ಚಿ ತೊಳೆಯುವುದಾದರೆ ಶೇ. 30ರೊಳಗೆ, ಪಿಎಚ್ 3ಕ್ಕಿಂತ ಕಡಿಮೆಯಿಲ್ಲದಂತೆ ಬಳಸಬೇಕೆಂದು ಅಮೆರಿಕದ ಕಾಸ್ಮೆಟಿಕ್ ಇಂಗ್ರೀಡಿಯೆಂಟ್ ರಿವ್ಯೂ ತಜ್ಞರ ಸಮಿತಿ ಸೂಚಿಸಿದೆ. ಗ್ಲೈಕಾಲಿಕ್‌ನ ಅಣು ಚಿಕ್ಕದು, ಬೇಗ ಒಳಗಿಳಿಯುತ್ತದೆ. ಲ್ಯಾಕ್ಟಿಕ್ ನಿಧಾನ, ಮ್ಯಾಂಡೆಲಿಕ್ ಇನ್ನೂ ನಿಧಾನ. ಆದ್ದರಿಂದ ಕಪ್ಪು ಕಲೆಗೆ ಬೇಗ ಈಡಾಗುವ ಚರ್ಮಕ್ಕೆ ಮ್ಯಾಂಡೆಲಿಕ್‌ನಿಂದ ಆರಂಭಿಸುವುದು ನನ್ನ ರೂಢಿ. ಎಣ್ಣೆಯಲ್ಲಿ ಕರಗುವ ಸ್ಯಾಲಿಸಿಲಿಕ್ ರಂಧ್ರದೊಳಕ್ಕೆ ಹೋಗುವುದರಿಂದ ಮೊಡವೆಗೆ ಹೊಂದುತ್ತದೆ.

ಸ್ವಚ್ಛತೆಯಲ್ಲಿ ಕ್ರಮ ತಪ್ಪಬಾರದು: ಉಪಕರಣಗಳನ್ನು ಮೊದಲು ಸೋಪು ನೀರಿನಲ್ಲಿ ಉಜ್ಜಿ ತೊಳೆದು, ಬಳಿಕವೇ ಸೋಂಕುನಿವಾರಕದಲ್ಲಿ ಲೇಬಲ್ ಹೇಳಿದಷ್ಟು ಹೊತ್ತು ಮುಳುಗಿಸಬೇಕು, ಜಿಡ್ಡು ಅಂಟಿದ್ದರೆ ದ್ರಾವಣ ಕೆಲಸ ಮಾಡದು. ವ್ಯಾಕ್ಸ್ ಕಡ್ಡಿಯನ್ನು ಒಂದು ಸಲ ಅದ್ದಿದ ಮೇಲೆ ಎಸೆಯಬೇಕು. ಕ್ರೀಮಿನ ಡಬ್ಬಿಗೆ ಬೆರಳು ಹಾಕದೆ ಸ್ಪ್ಯಾಚುಲಾ ಬಳಸಬೇಕು.

ಗ್ರಾಹಕರು ಎದ್ದು ಹೊರಡುವಾಗ ಹೇಳಬೇಕಾದದ್ದು ಕಡಿಮೆ, ಆದರೆ ಬರೆದುಕೊಡಬೇಕು. ಆಮ್ಲ ಹಚ್ಚಿದ್ದರೆ ಅನಂತರದ ಒಂದು ವಾರ ಚರ್ಮ ಬಿಸಿಲಿಗೆ ಹೆಚ್ಚು ಸೂಕ್ಷ್ಮವಾಗಿರುತ್ತದೆ; ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಚರ್ಮ ಸುಡುವ ಯುವಿಬಿ ಕಿರಣಗಳ ಸುಮಾರು ಶೇ. 97ನ್ನು ತಡೆಯುವುದು ನಿಜವಾದರೂ, ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದ ಹಚ್ಚಿದಾಗ ಮಾತ್ರ. ಆ ಬಳಿಕ ಕಾರ್ಡಿನಲ್ಲಿ ದಿನಾಂಕ, ಬಳಸಿದ ಉತ್ಪನ್ನ, ಅದರ ಶೇಕಡಾವಾರು, ಎಷ್ಟು ನಿಮಿಷ ಇಟ್ಟಿರಿ, ಎಲ್ಲಿ ಕೆಂಪಾಯಿತು ಎಂಬುದನ್ನು ಅಂದೇ ಬರೆದಿಡಬೇಕು. “ಎಡ ಕೆನ್ನೆ, ಎರಡನೇ ನಿಮಿಷಕ್ಕೆ ಉರಿ, ಕೂಡಲೇ ತೊಳೆದೆ” ಎಂಬ ಒಂದು ಸಾಲು, ಆರು ವಾರಗಳ ನಂತರ ಅದೇ ಮುಖ ದೀಪದ ಕೆಳಗೆ ಬಂದಾಗ, ಯಾವ ಬಾಟಲಿಯನ್ನು ಕಪಾಟಿನಲ್ಲೇ ಬಿಡಬೇಕೆಂದು ತಿಳಿಸುತ್ತದೆ.